ಯಶವಂತಪುರದವರಿಲ್ಲದ ಲೀಗ್

ಸೋಮವಾರ, ಏಪ್ರಿಲ್ 3, 1961

ಚಿಕ್ಕಬೈರಪ್ಪನ ಹೋಟೆಲಿನ ಗೋಡೆಗೆ ಈ ವರ್ಷದ ಹಾಕಿ ಲೀಗಿನ ಪಂದ್ಯಗಳ ಪಟ್ಟಿ ಅಂಟಿಸಿದ್ದಾರೆ. ಮೇಲಿನಿಂದ ಕೆಳಗೆ ಓದಿದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಓದಿದೆ. ನಮ್ಮ ಯಲಹಂಕಕ್ಕೂ ಯಶವಂತಪುರಕ್ಕೂ ಪಂದ್ಯವೇ ಇಲ್ಲ!

ಹೊಸ ಕಾರ್ಖಾನೆಗಳವರು ಆಟಗಾರರಿಗೆ ಸಂಬಳ ಕೊಟ್ಟು ತಂಡ ಕಟ್ಟುತ್ತಿರುವುದರಿಂದ ಲೀಗಿನಲ್ಲಿ ತಂಡಗಳು ಹೆಚ್ಚಾಗಿವೆಯಂತೆ. ಎಲ್ಲರ ಮೇಲೂ ಎಲ್ಲರೂ ಆಡುತ್ತ ಕೂತರೆ ದೀಪಾವಳಿ ಬಂದರೂ ಮುಗಿಯುವುದಿಲ್ಲವೆಂದು ಸಮಿತಿಯವರು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದಾರೆ. ನಾವು ಒಂದು ಗುಂಪಿನಲ್ಲಿ, ಯಶವಂತಪುರದವರು ಇನ್ನೊಂದರಲ್ಲಿ. ಎರಡು ಗುಂಪಿನಲ್ಲೂ ಮೊದಲು ಬಂದವರು ಜುಲೈಯಲ್ಲಿ ಫೈನಲ್ ಆಡುತ್ತಾರೆ. ಅಲ್ಲಿ ಸಿಕ್ಕರೆ ಸಿಕ್ಕಿದರು, ಇಲ್ಲದಿದ್ದರೆ ಇಲ್ಲ.

ಹೋಟೆಲಿನಲ್ಲಿ ಎಲ್ಲರೂ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ನನಗಂತೂ ನಿರಾಳವಾಯಿತು. ಆ ದಸ್ತಗೀರನ ಮುಖ ನೋಡುವುದು ತಪ್ಪಿತಲ್ಲ! ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ ಅವನು. ಎಷ್ಟೋ ವರ್ಷದಿಂದ ಪ್ರತಿ ಪಂದ್ಯಕ್ಕೂ ಎದುರು ಬದಿಯಲ್ಲಿ ನಿಂತು ನಮ್ಮ ಹುಡುಗರ ಮಾನ ಹರಾಜು ಹಾಕುತ್ತಾನೆ. ನಾನು ದನದ ಆಸ್ಪತ್ರೆಯ ಕಾಂಪೌಂಡರ್ ಎಂಬುದನ್ನು ಯಾರಿಂದಲೋ ತಿಳಿದುಕೊಂಡು, ನಮ್ಮವನೊಬ್ಬ ಎಡವಿ ಬಿದ್ದರೆ ಸಾಕು, "ಡಾಕ್ಟ್ರೇ, ಓಡಿ ಬನ್ನಿ, ನಿಮ್ ಕರು ಬಿತ್ತು!" ಎಂದು ಹೆಬ್ಬಾಳದವರೆಗೆ ಕೇಳುವಂತೆ ಕೂಗುತ್ತಾನೆ. ನಾನೂ ಬಿಡುವವನಲ್ಲ. ಅವರ ಸೆಂಟರ್ ಫಾರ್ವರ್ಡ್ ಚೆಂಡು ತಂದರೆ, "ಗೂಡ್ಸ್ ಗಾಡಿ ಬಂತು, ಗೇಟ್ ಹಾಕ್ರಪ್ಪೋ!" ಎನ್ನುತ್ತೇನೆ. ಮೈದಾನದ ಹೊರಗೆ ಒಂದು ದಿನವೂ ನಾವಿಬ್ಬರು ಮಾತಾಡಿದ್ದಿಲ್ಲ. ಅಗತ್ಯವೂ ಇಲ್ಲ.

ಮನೆಗೆ ಬಂದು ಹೆಂಡತಿ ಸೊಣ್ಣಮ್ಮನಿಗೆ ಹೇಳಿದೆ. "ಅಂಗಾರೆ ಈ ವರ್ಸ ನಮ್ಮನೆ ಪಾತ್ರೆಗಳು ಬದುಕ್ಕೊಂಡ್ವು ಬುಡಿ" ಎಂದಳು.

ಭಾನುವಾರ, ಏಪ್ರಿಲ್ 9

ಮೊದಲ ಪಂದ್ಯ, ಹೊಸ ಬಣ್ಣದ ಕಾರ್ಖಾನೆಯ ತಂಡದ ಮೇಲೆ. ಆರು ಗೋಲು ಹೊಡೆದು ಗೆದ್ದೆವು.

ಅವರ ಕಡೆಯಿಂದ ನೋಡಲು ಬಂದಿದ್ದವರು ಸಭ್ಯ ಜನ. ನಮ್ಮ ಗೋಲಿಗೂ ಚಪ್ಪಾಳೆ ತಟ್ಟಿದರು. "ನಿಮ್ಮ ಗೋಲ್‌ಕೀಪರಿಗೆ ಚಾಪೆ ದಿಂಬು ಕೊಡ್ರಯ್ಯಾ!" ಎಂದು ನಾನು ಕೂಗಿದೆ. ಅವರಲ್ಲೊಬ್ಬರು ಹಿಂದೆ ತಿರುಗಿ, "ನೀವು ಹೇಳೋದು ನಿಜ ಸಾರ್, ಆತ ಇನ್ನೂ ಕಲೀಬೇಕು" ಎಂದರು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು?

ಆಟ ಮುಗಿಯುವ ಮೊದಲೇ ನಮ್ಮವರಲ್ಲಿ ಅರ್ಧ ಜನ ಎದ್ದು ಹೋದರು. ಗೆಲ್ಲುತ್ತಿರುವಾಗ ಎದ್ದು ಹೋಗುವುದನ್ನು ಇದೇ ಮೊದಲು ನೋಡಿದ್ದು.

ಭಾನುವಾರ, ಏಪ್ರಿಲ್ 23

ಲಾಟೀನಿನ ಗಾಜು ಒಡೆದಿತ್ತು. ಯಶವಂತಪುರದ ಸಂತೆಬೀದಿಯಲ್ಲಿ ಗಾಜು ಗಟ್ಟಿಯಾಗಿರುತ್ತದೆಂದು ಸೈಕಲ್ ತುಳಿದುಕೊಂಡು ಹೋದೆ. ಅಲ್ಲಿ ಅಂದೇ ಅವರ ಪಂದ್ಯ ಇತ್ತೆಂಬುದು ಕಾಕತಾಳೀಯ. ಹೋಗಿದ್ದೇನೆ, ನೋಡಿಯೇ ಬರೋಣವೆಂದು ನಿಂತೆ.

ಅವರ ಕಡೆಯೂ ಬಿಕೋ ಎನ್ನುತ್ತಿತ್ತು. ದಸ್ತಗೀರ ಬಾಯಿ ಮುಚ್ಚಿಕೊಂಡು, ಬಸ್ ತಪ್ಪಿಸಿಕೊಂಡವನ ಹಾಗೆ ನಿಂತಿದ್ದ. ಅವರ ಸೆಂಟರ್ ಫಾರ್ವರ್ಡ್ ಓಡಿಬಂದ. ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ! "ಗೂಡ್ಸ್ ಗಾಡಿ ಬಂತು..." ಎಂದುಬಿಟ್ಟೆ.

ದಸ್ತಗೀರ ಗಕ್ಕನೆ ತಿರುಗಿ ನೋಡಿದ. ಜನರನ್ನು ಸರಿಸಿಕೊಂಡು ಬಂದ. ಪೆಟ್ಟು ಬೀಳುತ್ತದೆಂದೇ ಅಂದುಕೊಂಡೆ.

"ಏನ್ ಡಾಕ್ಟ್ರೇ, ದಾರಿ ತಪ್ಪಿದ್ರಾ?"

"ಲಾಟೀನ್ ಗಾಜು ತಗೊಳ್ಳಾಕೆ ಬಂದಿದ್ದೆ."

"ಎಲ್ಲಿ ಗಾಜು?"

ಗಾಜು ಇನ್ನೂ ಕೊಂಡಿರಲಿಲ್ಲ. ಅವನು ನಕ್ಕ. ಆಮೇಲೆ ಆಟ ಮುಗಿಯುವವರೆಗೂ ಪಕ್ಕದಲ್ಲೇ ನಿಂತ. ನಾನು ಅವರನ್ನು ಬೈದೆ, ಅವನು ನಮ್ಮನ್ನು ಬೈದ. ನಮ್ಮ ತಂಡ ಅಲ್ಲಿ ಆಡುತ್ತಲೇ ಇರಲಿಲ್ಲ, ಆದರೂ ಬೈದ. ಎಂಥ ಮನುಷ್ಯ!

ಗಾಜು ಮರೆತು ಬಂದೆ. ಸೊಣ್ಣಮ್ಮ ಬುಡ್ಡಿ ಹಚ್ಚಿಟ್ಟಳು.

ಭಾನುವಾರ, ಏಪ್ರಿಲ್ 30

ಇಂದು ನಮ್ಮ ಪಂದ್ಯಕ್ಕೆ ದಸ್ತಗೀರ ಬಂದಿದ್ದ. ಯಲಹಂಕದಲ್ಲಿ ಯಾರೋ ನೆಂಟರಿದ್ದಾರಂತೆ. ಯಾರೆಂದು ಕೇಳಿದರೆ ಹೆಸರು ನೆನಪಿಲ್ಲವಂತೆ.

ಬಂದವನು ಸುಮ್ಮನಿದ್ದನೇ? ನಮ್ಮ ಕ್ಯಾಪ್ಟನ್ ಅನ್ವರ್ ಚೆಂಡು ತಪ್ಪಿಸಿದಾಗ, "ಕೋಲು ಹಿಡ್ಕೊಂಡು ಹಾವು ಹುಡುಕ್ತಾವ್ರೆ ನೋಡ್ರೋ!" ಎಂದ. ನಮ್ಮ ಕಡೆಯವರೆಲ್ಲ ರೊಚ್ಚಿಗೆದ್ದು ಕೂಗಿದರು. ಒಬ್ಬನೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ನಾಲ್ಕು ಗೋಲಿನಿಂದ ಗೆದ್ದೆವು. ಹೋಟೆಲಿನಲ್ಲಿ ಕತ್ತಲಾಗುವವರೆಗೂ ಅವನನ್ನು ಬೈದುಕೊಂಡು ಕಾಫಿ ಕುಡಿದೆವು. ಈ ವರ್ಷ ಇಷ್ಟು ಚೆನ್ನಾಗಿ ಆಟ ನೋಡಿದ್ದು ಇದೇ ಮೊದಲು.

ಮಂಗಳವಾರ, ಮೇ 16

ಸಮಿತಿಯ ಕಾರ್ಯದರ್ಶಿ ಬ್ಯಾಟರಾಯಪ್ಪನವರು ಹೆಬ್ಬಾಳದವರು, ನಿವೃತ್ತ ಹೆಡ್‌ಮಾಸ್ಟರು. ಅವರಲ್ಲಿಗೆ ನಾನೂ ದಸ್ತಗೀರನೂ ಎರಡು ಊರಿನವರ ಪರವಾಗಿ ನಮ್ಮ ನಡುವೆ ಒಂದು ಪಂದ್ಯ ಕೇಳಲು ಹೋಗಿದ್ದೆವು. ಒಟ್ಟಿಗೆ ಹೋದೆವೆಂದು ಯಾರೂ ತಪ್ಪು ತಿಳಿಯಬಾರದು. ಅವನು ಅವನ ಸೈಕಲ್ಲಿನಲ್ಲಿ ಬಂದ, ನಾನು ನನ್ನ ಸೈಕಲ್ಲಿನಲ್ಲಿ ಹೋದೆ.

ನಮ್ಮಿಬ್ಬರನ್ನು ಒಂದೇ ಬಾಗಿಲಲ್ಲಿ ನೋಡಿ ಬ್ಯಾಟರಾಯಪ್ಪನವರು ಕನ್ನಡಕ ಒರೆಸಿಕೊಂಡರು.

"ಏನ್ರೀ ಇದು? ಒಂದು ವರ್ಷ ಜಗಳ ಆಡ್ದೆ ಇರೋಕೆ ಆಗಲ್ವೇನ್ರೀ ನಿಮಗೆ?"

"ಜಗಳ ಅಲ್ಲ ಸಾರ್, ಪಂದ್ಯ" ಎಂದೆ ನಾನು.

"ಜಗಳಾನೇ ಸಾರ್" ಎಂದು ದಸ್ತಗೀರ ತಿದ್ದಿದ. "ವರ್ಷಕ್ಕೆ ಎರಡು ಸಲ ಇವರನ್ನ ಬೈದ್ರೇನೇ ನನಗೆ ಮೈ ಹಗುರ. ನೀವು ಚೀಟಿ ಎತ್ತಿ ಅದನ್ನೂ ಕಿತ್ಕೊಂಡ್ರಿ."

ನಿಯಮ, ಗುಂಪು, ಮೈದಾನ ಎಂದೆಲ್ಲ ವಿವರಿಸಿ ಕೊನೆಗೆ ಬ್ಯಾಟರಾಯಪ್ಪನವರು ಸೋತರು. ಲೀಗ್ ಮುಗಿದ ಮೇಲೆ, ಜುಲೈ 16ಕ್ಕೆ, ಹೆಬ್ಬಾಳದ ಮೈದಾನದಲ್ಲಿ ಎರಡು ಊರಿಗೂ ಒಂದು ಪ್ರದರ್ಶನ ಪಂದ್ಯ ಎಂದು ಒಪ್ಪಿದರು. ನನಗೆ ಬಹಳ ಖುಷಿಯಾಯಿತು. ದಸ್ತಗೀರ ಮಾತ್ರ ಜುಲೈ ಎಂದಾಗ ಏಕೋ ಮುಖ ಸಣ್ಣ ಮಾಡಿಕೊಂಡ. ಸೋಲುವ ಭಯವಿರಬೇಕು.

ಭಾನುವಾರ, ಜೂನ್ 4

ಬೆಳಿಗ್ಗೆಯೇ ದಸ್ತಗೀರ್ ಬಾಗಿಲಿಗೆ ಬಂದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಮನೆಯ ಮೇಕೆ ಹೊಟ್ಟೆಯುಬ್ಬರಿಸಿಕೊಂಡು ಬಿದ್ದಿದೆಯಂತೆ. "ಇವತ್ತು ಬಯ್ಬೇಡಿ ಡಾಕ್ಟ್ರೇ, ಬನ್ನಿ" ಎಂದರು. ಔಷಧದ ಚೀಲ ತೆಗೆದುಕೊಂಡು ಹೊರಟೆ.

ಯಶವಂತಪುರದ ರೈಲ್ವೆ ವಸತಿಯಲ್ಲಿ ಮನೆ. ಮೇಕೆ ಎಲ್ಲೋ ಹಸಿ ಜೋಳದ ಸೊಪ್ಪು ಮೇದು ಬಂದಿತ್ತು. ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಮಧ್ಯಾಹ್ನದ ಹೊತ್ತಿಗೆ ಎದ್ದು ನಿಲ್ಲುವಂತೆ ಮಾಡಿದೆ. ಅವರ ಹೆಂಡತಿ ರೆಹಾನಾ ಬೇಗಂ ಕಣ್ಣೊರೆಸಿಕೊಂಡು ಚಹ ತಂದರು. ಆಗಲೇ ನೋಡಿದ್ದು, ಗೋಡೆಯ ಪಕ್ಕ ಟ್ರಂಕುಗಳು, ಹಗ್ಗ ಕಟ್ಟಿದ ಪಾತ್ರೆಯ ಮೂಟೆ.

"ಅಣ್ಣಾ, ಈ ಮೇಕೇನ ಅರಸೀಕೆರೆ ತನಕ ರೈಲಲ್ಲಿ ಕರ್ಕೊಂಡು ಹೋದ್ರೆ ಬದುಕ್ತದಾ?" ಎಂದು ಆಕೆ ಕೇಳಿದರು.

"ಅರಸೀಕೆರೆಗೆ ಯಾಕಮ್ಮ?"

ಆಕೆ ಗಂಡನ ಮುಖ ನೋಡಿದರು. ದಸ್ತಗೀರ್ ಚಹದ ಲೋಟ ನೋಡುತ್ತಿದ್ದರು. ಬಡ್ತಿ ಬಂದಿದೆಯಂತೆ. ಜುಲೈ ಒಂದಕ್ಕೆ ಅರಸೀಕೆರೆಯಲ್ಲಿ ಹಾಜರಾಗಬೇಕಂತೆ. ಆದೇಶ ಬಂದದ್ದು ಮೇ ತಿಂಗಳಲ್ಲೇ.

"ಹೇಳ್ಲಿಲ್ವಲ್ರೀ!" ಎಂದೆ.

"ಹೇಳಿ ಏನ್ಮಾಡೋದು? ನೀವು ನಮ್ ಕಡೆಯವರಾ?" ಎಂದರು.

ಅದೂ ಸರಿಯೇ. ಆದರೂ ದಾರಿಯುದ್ದಕ್ಕೂ ಸಿಟ್ಟು ಬಂತು. ಪಂದ್ಯ ಜುಲೈ 16ಕ್ಕೆ ಇಟ್ಟುಕೊಂಡು ಇವರು ಒಂದನೇ ತಾರೀಕಿಗೇ ಓಡಿ ಹೋಗುತ್ತಾರೆಂದರೆ ಏನರ್ಥ? ಹೆದರಿಕೊಂಡು ಓಡುವುದು ಎಂದೇ ಅರ್ಥ. ಸೊಣ್ಣಮ್ಮನಿಗೂ ಹಾಗೇ ಹೇಳಿದೆ. "ಓಗ್ಲಿ ಬುಡಿ, ನೆಮ್ಮದಿ. ನಿಮಗ್ಯಾಕೆ ಇಂಗೆ ಮುಖ ಊದ್ಕೊಂಡದೆ?" ಎಂದಳು. ಮುಖ ಊದಿಕೊಂಡಿರಲಿಲ್ಲ. ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದೆ.

ಬುಧವಾರ, ಜೂನ್ 7

ಯೋಚಿಸಿ ನೋಡಿದೆ. ದಸ್ತಗೀರ್ ಇಲ್ಲದಾಗ ಯಶವಂತಪುರವನ್ನು ಸೋಲಿಸಿದರೆ ಅದು ಗೆಲುವೇ ಅಲ್ಲ. ಹೊಟ್ಟೆ ಉರಿಸಿಕೊಳ್ಳುವವನೇ ಇಲ್ಲದ ಮೇಲೆ ಗೆದ್ದು ಯಾರಿಗೆ ತೋರಿಸುವುದು? ಆದ್ದರಿಂದ ಪಂದ್ಯ ಜೂನ್ ತಿಂಗಳಲ್ಲೇ ಆಗಬೇಕು. ಇದು ಶುದ್ಧ ಯಲಹಂಕದ ಹಿತದೃಷ್ಟಿಯಿಂದ.

ಬ್ಯಾಟರಾಯಪ್ಪನವರ ಹಸುವಿಗೆ ದಿನ ತುಂಬಿದೆ. ನೋಡುವ ನೆಪದಲ್ಲಿ ಹೋದೆ.

"ಯಾವತ್ತು ಈಯುತ್ತೆ ಪಿಳ್ಳಪ್ಪ?" ಎಂದು ನನ್ನನ್ನು ಕೇಳಿದರು.

"ಅದಕ್ಕೆ ತಾರೀಕು ಹಾಕಕ್ಕಾಗಲ್ಲ ಸಾರ್. ಆದ್ರೆ ಆಟಕ್ಕೆ ಹಾಕ್ಬೋದಲ್ಲ."

ಹೆಬ್ಬಾಳದ ಮೈದಾನ ಜೂನ್‌ನಲ್ಲಿ ಖಾಲಿ ಇರುವುದು 25ನೇ ಭಾನುವಾರ ಒಂದೇ. ಆದರೆ ಅಂದೇ ನಮ್ಮ ಊರಿನಲ್ಲಿ ಜಾಲಹಳ್ಳಿಯವರ ಮೇಲೆ ನಮ್ಮ ಗುಂಪಿನ ಕೊನೆಯ ಪಂದ್ಯ. ಅದರಲ್ಲಿ ಗೆದ್ದವರೇ ಫೈನಲ್ಲಿಗೆ. ಅದನ್ನು 23ನೇ ಶುಕ್ರವಾರಕ್ಕೆ ತಂದುಕೊಂಡರೆ ಆಗಬಹುದು, ಆದರೆ ನಮ್ಮ ತಂಡ ಒಪ್ಪಬೇಕು ಎಂದರು ಬ್ಯಾಟರಾಯಪ್ಪನವರು. ಜಾಲಹಳ್ಳಿಯವರಿಗೆ ಯಾವ ದಿನವಾದರೂ ಅಡ್ಡಿಯಿಲ್ಲವಂತೆ.

ಶನಿವಾರ, ಜೂನ್ 10

ಅನ್ವರ್ ಒಪ್ಪಲಿಲ್ಲ.

"ಡಾಕ್ಟ್ರೇ, ಭಾನುವಾರ ಜಾಲಹಳ್ಳೀನ ಹೊಡೆದ್ರೆ ಫೈನಲ್‌ನಲ್ಲೇ ಯಶವಂತಪುರದೋರು ಸಿಗ್ತಾರೆ. ಅವರು ಆಗ್ಲೇ ಅವರ ಗುಂಪಲ್ಲಿ ಗೆದ್ದಾಯ್ತು. ಆಮೇಲೆ ಎರಡು ವಾರ ಕಾಯೋಕಾಗಲ್ವಾ?"

"ಫೈನಲ್ ತಡ ಆಗುತ್ತೆ ಕಣೋ."

"ಯಾರಿಗೆ ತಡ?"

ಅಭಿಮಾನಿಗಳಿಗೆ ಎಂದೆ. ಯಾವ ಅಭಿಮಾನಿಗೆ ಎಂದ. ಕೊನೆಗೆ ಹೇಳಲೇಬೇಕಾಯಿತು, ದಸ್ತಗೀರ್ ಸಾಹೇಬರು ಊರು ಬಿಡುತ್ತಿದ್ದಾರೆಂದು.

ಅನ್ವರ್ ತನ್ನ ಹಾಕಿ ಕೋಲಿಗೆ ಪಟ್ಟಿ ಸುತ್ತತೊಡಗಿದ. "ಚಿಕ್ಕೋನಿದ್ದಾಗಿನಿಂದ ಅವರ ಹತ್ರ ಬೈಸ್ಕೊಂಡಿದ್ದೀನಿ" ಎಂದ. "ನಾನು ಒಂದು ಸಲ ಚೆನ್ನಾಗಿ ಆಡ್ದಾಗ ಮಾತ್ರ ಸುಮ್ನಿದ್ರು. ಅವತ್ತು ಎಷ್ಟು ಹೆಮ್ಮೆ ಆಯ್ತು ಗೊತ್ತಾ?"

ನಾಳೆ ಹುಡುಗರನ್ನು ಕೇಳುತ್ತಾನಂತೆ.

ಸೋಮವಾರ, ಜೂನ್ 12

ಒಪ್ಪಿದರು. ಚಿಕ್ಕಬೈರಪ್ಪ ಮಾತ್ರ, "ಏನಾರ ಎಡವಟ್ಟಾದ್ರೆ ನೀನೇ ಒಣೆ ಕಣಪ್ಪ" ಎಂದ. ಆಗಲಿ ಎಂದೆ. ಹಸು ಹೆಣ್ಣುಗರು ಹಾಕಿತು.

ಶುಕ್ರವಾರ, ಜೂನ್ 23

ಮಧ್ಯಾಹ್ನದಿಂದ ಒಂದೇ ಸಮನೆ ಮಳೆ. ಕೆಸರಿನಲ್ಲಿ ಚೆಂಡು ಹೂತುಕೊಂಡು ಕೂತಿತು. ಅನ್ವರ್ ಎರಡು ಸಲ ಗೋಲಿನ ಮುಂದೆಯೇ ಜಾರಿ ಬಿದ್ದ. ಸೊನ್ನೆ ಸೊನ್ನೆ. ಒಟ್ಟು ಗೋಲಿನ ಲೆಕ್ಕದಲ್ಲಿ ಜಾಲಹಳ್ಳಿಯವರು ಮೇಲೆ. ಅವರು ಫೈನಲ್ಲಿಗೆ ಹೋದರು.

ಹೋಟೆಲಿಗೆ ಹೋಗಲಿಲ್ಲ.

ಶನಿವಾರ, ಜೂನ್ 24

ಇಂದು ಬಿಸಿಲು. ನಾಳೆಯೂ ಬಿಸಿಲಿರುತ್ತದೆ ಎನ್ನುತ್ತಾರೆ. ಪಟ್ಟಿಯಲ್ಲಿದ್ದ ಹಾಗೆ ಭಾನುವಾರವೇ ಆಡಿದ್ದರೆ ಗೆಲ್ಲುತ್ತಿದ್ದೆವು ಎಂದು ಬೀದಿಯಲ್ಲಿ ಮೂವರು ನನಗೆ ಕೇಳುವಂತೆ ಮಾತಾಡಿಕೊಂಡರು. ಸೊಣ್ಣಮ್ಮ ಬಾಗಿಲಿಗೆ ಹೋಗಿ, "ಮಳೆ ಬರ್ಸಿದ್ದೂ ನಮ್ಮೆಜಮಾನ್ರೇನಾ? ಅಂಗಾರೆ ನಿಮ್ಮ ಒಲಕ್ಕೂ ಒಂದಿಷ್ಟು ಬರ್ಸ್ತಾರೆ, ಓಗಿ ಉತ್ಕೊಳ್ಳಿ!" ಎಂದಳು. ಅವರು ಹೋದರು.

ಭಾನುವಾರ, ಜೂನ್ 25

ಎಲ್ಲವನ್ನೂ ಬರೆದಿಡಬೇಕು.

ಹೆಬ್ಬಾಳದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೈನಲ್ಲಿಗೂ ಇಷ್ಟು ಜನ ಬರುವುದಿಲ್ಲ. ಯಲಹಂಕದಿಂದ ಎತ್ತಿನ ಗಾಡಿಗಳಲ್ಲಿ ಬಂದಿದ್ದರು, ಶೆಟ್ಟಿಹಳ್ಳಿಯಿಂದ, ಮಾಕಳಿಯಿಂದ ನಡೆದುಕೊಂಡು ಬಂದಿದ್ದರು. ಸೊಣ್ಣಮ್ಮನೂ ಬಂದಿದ್ದಳು, ರೆಹಾನಾ ಬೇಗಂ ಅವರನ್ನು ನೋಡಲು. ಲೆಕ್ಕಕ್ಕೆ ಇಲ್ಲದ ಪಂದ್ಯ. ಗೆದ್ದರೂ ಏನಿಲ್ಲ, ಸೋತರೂ ಏನಿಲ್ಲ. ಆದರೂ ಆಟ ಶುರುವಾಗುವ ಮೊದಲೇ ಹತ್ತು ಜನರ ಅಂಗಿ ಹರಿದಿತ್ತು.

ಆಟ ಶುರುವಾಯಿತು. ದಸ್ತಗೀರ್ ಸಾಹೇಬರಿಲ್ಲ.

ಎದುರು ಬದಿಯನ್ನು ಕಣ್ಣಿನಲ್ಲೇ ಜಾಲಾಡಿದೆ. ಮದುಮಗನಿಲ್ಲದ ಮದುವೆ ಮನೆಯ ಹಾಗೆ ಯಶವಂತಪುರದವರು ಪೆಚ್ಚಾಗಿ ನಿಂತಿದ್ದರು. ಅವರು ಒಂದು ಗೋಲು ಹೊಡೆದರು. ಆಗಲೂ ಸರಿಯಾಗಿ ಕೂಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೈದಾನ ಸುತ್ತಿಕೊಂಡು ಅವರ ಕಡೆಗೆ ಹೋದೆ. ಹೊಸ ಗುಮಾಸ್ತರಿಗೆ ಕೆಲಸ ಒಪ್ಪಿಸುತ್ತಿದ್ದಾರೆ, ಇನ್ನೂ ಮುಗಿದಿಲ್ಲ ಎಂದರು ಅವರ ಜೊತೆಯವರು.

ಅಷ್ಟರಲ್ಲಿ ನಮ್ಮ ಅನ್ವರ್ ಕಾಲು ತೊಡರಿ ಧೊಪ್ಪೆಂದು ಬಿದ್ದ.

ಇಡೀ ಮೈದಾನದಲ್ಲಿ ಒಂದು ಮಾತಿಗಾಗಿ ಜಾಗ ಖಾಲಿ ಬಿದ್ದಿತ್ತು. ಅನ್ವರ್ ಕೂಡ ಎದ್ದು ಕೂತು ಆ ಕಡೆಯೇ ನೋಡುತ್ತಿದ್ದ. ನಾನು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿಬಿಟ್ಟೆ: "ಡಾಕ್ಟ್ರೇ, ಓಡಿ ಬನ್ನಿ, ನಿಮ್ ಕರು ಬಿತ್ತು!"

ಡಾಕ್ಟ್ರು ನಾನೇ ಎಂಬುದು ಆಮೇಲೆ ಹೊಳೆಯಿತು.

ಎರಡು ಬದಿಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಚೆಯಿಂದ ಚಿಕ್ಕಬೈರಪ್ಪ, "ಪಿಳ್ಳಪ್ಪ ಪಾರ್ಟಿ ಬದಲಾಯಿಸ್ಬುಟ್ಟ ಕಣ್ರಪ್ಪೋ!" ಎಂದು ಬೊಬ್ಬೆ ಹೊಡೆದ. ಒಮ್ಮೆ ಶುರು ಮಾಡಿದ ಮೇಲೆ ಬಿಡುವುದು ಹೇಗೆ? ವಿರಾಮದವರೆಗೂ ನಮ್ಮ ಹುಡುಗರನ್ನು ಬೈದೆ. ಇಷ್ಟು ವರ್ಷ ಕೇಳಿದ ಬೈಗುಳವೆಲ್ಲ ಬಾಯಿಪಾಠವಾಗಿತ್ತು. ಅವರ ಕಡೆಯವರಿಗೂ ಜೀವ ಬಂತು. ಬೈಸಿಕೊಂಡ ನಮ್ಮ ಹುಡುಗರು ಎರಡು ಗೋಲು ಹೊಡೆದರು.

ವಿರಾಮ ಮುಗಿದು ಆಟ ಮತ್ತೆ ಶುರುವಾದಾಗ ಹಿಂದಿನಿಂದ ಯಾರೋ ಭುಜ ಹಿಡಿದರು. ದಸ್ತಗೀರ್ ಸಾಹೇಬರು! ಸೈಕಲ್ ತುಳಿದು ಬೆವರಿ ತೊಪ್ಪೆಯಾಗಿದ್ದರು. ಎಷ್ಟು ಹೊತ್ತಿನಿಂದ ನಿಂತು ಕೇಳುತ್ತಿದ್ದರೋ.

"ಡಾಕ್ಟ್ರೇ, ಅದು ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರ್ಬೇಕು. ಪಕ್ಕಕ್ಕೆ ಸರೀರಿ" ಎಂದರು.

ಕೂಗಿ ತೋರಿಸಿದರು. ನಿಜ, ನನ್ನದು ಏನೂ ಅಲ್ಲ. ನಮ್ಮ ಕಡೆ ಕೂಗುವವರಿಲ್ಲವೆಂದು ನೆನಪಾಗಿ ನಾನು ಮೈದಾನ ಸುತ್ತಿ ಓಡಿದೆ. ಮುಂದಿನ ಅರ್ಧ ಆಟದಲ್ಲಿ ಯಾರು ಎಲ್ಲಿ ಚೆಂಡು ಹೊಡೆದರು ಎಂದು ಕೇಳಿದರೆ ಹೇಳಲಾರೆ. ಅವರು ಅಲ್ಲಿಂದ, ನಾನು ಇಲ್ಲಿಂದ.

ಮೂರು ಎರಡು. ಸೋತೆವು. ಜನ ಹೋದ ಮೇಲೂ ಅವರು ಅಲ್ಲಿ ನಿಂತಿದ್ದರು, ನಾನು ಇಲ್ಲಿ ನಿಂತಿದ್ದೆ. ಕೊನೆಗೆ ಮಧ್ಯದ ಗೆರೆಯ ಹತ್ತಿರ ಬಂದು, "ಈ ಪಂದ್ಯಕ್ಕೋಸ್ಕರ ಫೈನಲ್ ಕಳ್ಕೊಂಡ್ರಂತೆ?" ಎಂದು ಕೇಳಿದರು.

"ಮಳೆ ಬಂತು, ಅದಕ್ಕೆ" ಎಂದೆ.

"ಹೂಂ, ಮಳೆ" ಎಂದರು. ನನ್ನ ಸೈಕಲ್ಲಿನ ಚಕ್ರದಲ್ಲಿ ಗಾಳಿ ಇಳಿದಿತ್ತು. ಅಂಗಡಿಯವರೆಗೆ ತಳ್ಳಿಕೊಂಡು ಜೊತೆಯಲ್ಲೇ ಬಂದರು.

ಶುಕ್ರವಾರ, ಜೂನ್ 30

ರಜೆ ಹಾಕಿ ಸ್ಟೇಷನ್ನಿಗೆ ಹೋದೆ. ಮೇಕೆಯನ್ನು ರೆಹಾನಾ ಬೇಗಂ ಸೊಣ್ಣಮ್ಮನ ಕೈಗೆ ಕೊಟ್ಟು ಇಬ್ಬರೂ ಅತ್ತರು. ಗಂಡಸರಿಗೆ ಅಂಥದ್ದೇನಿಲ್ಲ. ನಾವು ಸಾಮಾನು ಹತ್ತಿಸಿದೆವು.

"ಅಲ್ಲಿ ಹಾಕಿ ಗೀಕಿ ಏನಿಲ್ವಂತೆ ಡಾಕ್ಟ್ರೇ. ಬರೀ ತೆಂಗಿನಕಾಯಿ" ಎಂದರು.

ಗಾಡಿ ಹೊರಟಿತು. ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು, ಏನು ಬೈಯುತ್ತೇನೋ ಎಂದು. "ನೀರು ಕಾಯ್ಸಿ ಕುಡೀರಿ!" ಎಂದು ಕೂಗಿದೆ.

"ಇದೇನ್ರೀ, ಬೈಗುಳಾನಾ ಇದು?" ಎಂದು ನಗುತ್ತಲೇ ಹೋದರು.

ಭಾನುವಾರ, ಜುಲೈ 9

ಫೈನಲ್. ಯಶವಂತಪುರ, ಜಾಲಹಳ್ಳಿ. ನಮ್ಮದಲ್ಲದ ಆಟ, ಹೊತ್ತು ಹೋಗಲೆಂದು ಹೋದೆ. ನಮ್ಮ ಕಡೆಯ ಜಾಗದಲ್ಲಿ ಬಿಸಿಲು ಹೊಡೆಯುತ್ತಿದ್ದರಿಂದ ಯಶವಂತಪುರದವರ ನಡುವೆ ನಿಂತೆ. ಅವರು ಒಂದು ಗೋಲಿನಿಂದ ಗೆದ್ದರು. ಮಳೆಗಾಲದ ಗಾಳಿಗೋ ಏನೋ ನನ್ನ ಗಂಟಲು ಪೂರ್ತಿ ಕಟ್ಟಿದೆ.

ಬರುವಾಗ ಯಶವಂತಪುರ ಸ್ಟೇಷನ್ನಿನ ಮೇಲೆ ಹಾದುಬಂದೆ. ಸ್ವಲ್ಪ ಸುತ್ತು, ಆದರೆ ರಸ್ತೆ ಚೆನ್ನಾಗಿದೆ. ಅಲ್ಲಿನ ತಂತಿ ಬಾಬು ದಸ್ತಗೀರ್ ಸಾಹೇಬರ ಸ್ನೇಹಿತರು. ಅರಸೀಕೆರೆಗೆ ಒಂದು ಮಾತು ಮುಟ್ಟಿಸಿ ಎಂದೆ. ಪಿಸುಮಾತಿನಲ್ಲೇ ಹೇಳಬೇಕಾಯಿತು: "ನಿಮ್ಮವರು ಕಪ್ ಗೆದ್ದರು. ಆದರೆ ಆಟ ಅಷ್ಟೇನೂ ಚೆನ್ನಾಗಿರಲಿಲ್ಲ."

ಬಾಬು ಕಟಕಟನೆ ಬಡಿದರು. ಬೆಂಚಿನ ಮೇಲೆ ಕೂತು ಕಾದೆ. ಒಂದು ಗಾಡಿ ಬಂತು, ಹೋಯಿತು. ಆಮೇಲೆ ಆ ಕಡೆಯಿಂದ ಕಟಕಟ ಬಂತು. ಬಾಬು ಕೇಳಿಸಿಕೊಂಡು, ನಗು ತಡೆದುಕೊಂಡು ಓದಿ ಹೇಳಿದರು: "ಬಹಳ ಸಂತೋಷ. ಫೈನಲ್ಲಿನಲ್ಲಿ ಯಲಹಂಕ ಎಷ್ಟು ಗೋಲು ಹೊಡೆಯಿತು?"

ಆ ಮನುಷ್ಯನಿಗೆ ನಾಚಿಕೆ, ಮಾನ, ಮರ್ಯಾದೆ ಒಂದೂ ಇಲ್ಲ. ಅರಸೀಕೆರೆಗೆ ಹೋದರೂ ಬುದ್ಧಿ ಬಂದಿಲ್ಲ. ಮನೆಗೆ ಬಂದು ಸೊಣ್ಣಮ್ಮನ ಮುಂದೆ ಬೈದು, ಮತ್ತೆ ಬೈದು, ಬಹಳ ದಿನದ ಮೇಲೆ ಎರಡು ಮುದ್ದೆ ಉಂಡೆ.